ಎಂಟನೆಯ ಗುಂಡಿಗೆ ಜಾಗ

ಗುಂಡು ತುಂಬಿದ ಮ್ಯಾಗಜೀನ್ ಪಿಸ್ತೂಲಿನ ಹಿಡಿಯೊಳಗೆ ಹೋಯಿತು, ಆದರೆ ‘ಕಟ್’ ಎನ್ನಲಿಲ್ಲ.

ದೆಲ್ಮಿರಾ ಗರೈಸ್ ಎಡ ಅಂಗೈಯ ಬುಡದಿಂದ ಇನ್ನೊಮ್ಮೆ ಒತ್ತಿದಳು. ಹೆಬ್ಬೆರಳ ಕೀಲಿನಿಂದ ಮೊಣಕೈಯವರೆಗೆ ನೋವು ಸುಟ್ಟುಕೊಂಡು ಹೋಯಿತು. ಆದರೂ ಸದ್ದಿಲ್ಲ. ಹಲ್ಲು ಕಚ್ಚಿ ಮೂರನೆಯ ಸಲ ಗುದ್ದಿದಾಗ ಅದು ಕಟ್ ಎಂದು ಕೂತಿತು. ಉಳಿದ ನಾಲ್ಕು ಗುರಿಗಳಿಗೆ ಗುಂಡು ಹಾರಿಸಿ ಮುಗಿಸಿದಾಗ ಬೆನ್ನ ಹಿಂದೆ ನಿಂತಿದ್ದ ಅಧಿಕಾರಿ ಅನ್ಸೆಲ್ಮೊ ಕೈಯಲ್ಲಿ ಹಿಡಿದಿದ್ದ ಪಂದ್ಯದ ಗಡಿಯಾರ ನೋಡಿ ಸಮಯ ಓದಿದ. ಮೂರು ಸೆಕೆಂಡು ಹೆಚ್ಚಾಗಿತ್ತು. ಆ ಮೂರು ಸೆಕೆಂಡು ಎಲ್ಲಿ ಹೋಯಿತೆಂದು ಅಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು.

“ಏನ್ ರೂಸಾ, ಒಳಗೆ ಹೋಗಪ್ಪಾ ಅಂತ ಬೇಡ್ಕೋತಾ ಇದ್ಯಾ? ಮಂಡಿ ಊರೋದೊಂದು ಬಾಕಿ ಇತ್ತು ನೋಡು,” ಎಂದ ಎವಾರಿಸ್ತೊ. ಅವನು ಊರಿನ ಕಟುಕ, ಅವಳ ಗುಂಪಿನಲ್ಲೇ ಆಡುವವನು. ಅವಳ ಅಜ್ಜನ ಕಾಲದವರು ವೋಲ್ಗಾ ನದಿಯ ಕಡೆಯಿಂದ ಬಂದು ಪರಾನಾ ನದಿಯ ದಂಡೆಯಲ್ಲಿ ಗೋಧಿ ಬಿತ್ತಿದವರು. ಅಂಥವರ ಮನೆಯ ಹೆಂಗಸರೆಲ್ಲ ಈ ಕಡೆಯವರ ಬಾಯಲ್ಲಿ ‘ರೂಸಾ’, ಅಂದರೆ ರಷ್ಯದವಳು. ಅವಳು ಹುಟ್ಟಿದ್ದು ಇಲ್ಲೇ, ಈ ಮೈದಾನದಿಂದ ಮೂರು ಬೀದಿ ಆಚೆ.

“ನಿನ್ನ ಅಂಗಡಿಯ ಸಾಸೇಜೂ ಹೀಗೇ ಕಣೋ. ಗಂಟಲಲ್ಲಿ ಇಳಿಯಲ್ಲ,” ಎಂದಳು. ತಮಾಷೆ ಮಾಡಿದಳೇ ಹೊರತು ಮುಖದಲ್ಲಿ ನಗುವಿರಲಿಲ್ಲ.

ಅಂದು ಮಾರ್ಚ್ ತಿಂಗಳ ಕೊನೆಯ ಭಾನುವಾರ. ಪ್ರಾಂತ್ಯದ ಹೆಂಗಸರ ಪಿಸ್ತೂಲು ತಂಡಕ್ಕೆ ನಾಲ್ವರನ್ನು ಆರಿಸುವ ದಿನ. ಮೂರು ಹೆಸರು ಆಗಲೇ ಗಟ್ಟಿಯಾಗಿದ್ದವು. ನಾಲ್ಕನೆಯದಕ್ಕೆ ಉಳಿದವರು ಇಬ್ಬರು: ಶಾಲೆಯಲ್ಲಿ ಆಟ ಕಲಿಸುವ ಇಪ್ಪತ್ತಾರು ವರ್ಷದ ಯಾನಿನಾ ಬ್ರೊಸಾ, ಮತ್ತು ಹೊಲಿಗೆ ಯಂತ್ರ ರಿಪೇರಿ ಮಾಡುವ ಐವತ್ತೊಂದರ ದೆಲ್ಮಿರಾ. ಐದು ಸುತ್ತಿನಲ್ಲಿ ನಾಲ್ಕು ಮುಗಿದಿದ್ದವು. ಕೊನೆಯದು ಯಾನಿನಾಳ ಗುಂಪಿಗೆ ಊಟಕ್ಕೆ ಮೊದಲು, ದೆಲ್ಮಿರಾಳ ಗುಂಪಿಗೆ ಊಟದ ನಂತರ.

ಯಾನಿನಾಗೆ ಮುಂದಿನ ವರ್ಷವಿತ್ತು, ಅದರ ಮುಂದಿನದೂ ಇತ್ತು. ದೆಲ್ಮಿರಾಗೆ ಇರಲಿಲ್ಲ. ಎಡಗೈ ಹೆಬ್ಬೆರಳ ಬುಡದ ಕೀಲು ಸವೆದುಹೋಗಿದೆ, ಚಳಿಗಾಲ ಮುಗಿದೊಡನೆ ಕೊಯ್ದು ಮೂಳೆಗೆ ಮೂಳೆ ಸೇರಿಸಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಆ ಮೇಲೆ ಕೈ ನೋಯುವುದಿಲ್ಲ, ಬಗ್ಗುವುದೂ ಇಲ್ಲ. ರಾಷ್ಟ್ರೀಯ ಪಂದ್ಯ ಮೇ ತಿಂಗಳಲ್ಲಿ, ಈ ದಕ್ಷಿಣದ ನಾಡಿನಲ್ಲಿ ಚಳಿ ಶುರುವಾಗುವ ಹೊತ್ತಿಗೆ. ಅಲ್ಲಿಯವರೆಗೆ ಈ ಕೈ ಅವಳದ್ದು.

ಆ ಕೀಲು ಸವೆದದ್ದು ಪಿಸ್ತೂಲಿನಿಂದಲ್ಲ. ಹದಿನಾರನೆಯ ವಯಸ್ಸಿಗೆ ಅವಳು ಅಪ್ಪನ ಅಂಗಡಿಯಲ್ಲಿ ಕೂತು, ಯಂತ್ರದ ಚಕ್ರ ತಿರುಗಿಸುತ್ತ, ದಾರದ ಬಿಗಿ ಕೈಯಲ್ಲೇ ತೂಗುವುದನ್ನು ಕಲಿತಳು. ಸ್ಪ್ರಿಂಗನ್ನು ಅಪ್ಪ ಅಳೆಯುತ್ತಿರಲಿಲ್ಲ. ಎರಡು ಬೆರಳ ನಡುವೆ ಅದುಮಿ, ಕಣ್ಣು ಮುಚ್ಚಿ, “ಇದಕ್ಕೆ ಸಿಟ್ಟು ಜಾಸ್ತಿ” ಎಂದೋ “ಇದು ಸುಸ್ತಾಗಿದೆ” ಎಂದೋ ಹೇಳುತ್ತಿದ್ದ. ಆ ಬೆರಳು ಮಗಳಿಗೂ ಬಂತು. ಅಪ್ಪ ಸತ್ತ ಮೇಲೆ ಅಂಗಡಿಯ ಬಾಗಿಲು ತೆರೆದದ್ದು ಅವಳೇ. ಮದುವೆಯಾದಳು, ಗಂಡ ಒಂಬತ್ತು ವರ್ಷವಿದ್ದು ರೊಸಾರಿಯೊದಲ್ಲಿ ಇನ್ನೊಂದು ಮನೆ ಮಾಡಿಕೊಂಡ. ಅವನು ಬಿಟ್ಟುಹೋದದ್ದು ಒಂದು ಮೇಜು, ಎರಡು ಕುರ್ಚಿ, ಪಿಸ್ತೂಲು ಕ್ಲಬ್ಬಿನ ಸದಸ್ಯತ್ವ. ಗುರಿ ಹಲಗೆ ಎತ್ತುವ ಯಂತ್ರ ಕೆಟ್ಟಿದೆ ಎಂದು ಕ್ಲಬ್ಬಿನವರು ಕರೆದಾಗ ಅವಳು ಸ್ಪ್ರಿಂಗ್ ಬದಲಿಸಲು ಹೋದಳು. ಆಗ ಅವಳಿಗೆ ಮೂವತ್ತೆಂಟು. ಯಾರೋ ಕೈಗೆ ಪಿಸ್ತೂಲು ಕೊಟ್ಟು ನೋಡು ಎಂದರು. ಮೊದಲ ಗುಂಡಿಗೇ ಅವಳಿಗೆ ಇಷ್ಟವಾದದ್ದು ಸದ್ದಲ್ಲ. ಸದ್ದಾದ ಮೇಲೆ ಎಲ್ಲ ಭಾಗಗಳೂ ತಂತಮ್ಮ ಜಾಗಕ್ಕೆ ಹಿಂತಿರುಗಿ ಕೂರುವ ರೀತಿ.

ಕಳೆದ ಸೆಪ್ಟೆಂಬರಿನಲ್ಲಿ ಹಾಗೆ ಕೂರಲಿಲ್ಲ. ಪಂದ್ಯದ ನಡುವೆ ತುಂಬಿದ ಮ್ಯಾಗಜೀನ್ ಅರ್ಧ ಹತ್ತಿ, ಒಂದು ಗುಂಡು ಹಾರಿದ ಮೇಲೆ ಕಾಲ ಬುಡಕ್ಕೆ ಬಿತ್ತು. ಏನಾಯಿತೆಂದು ನೋಡಲು ಪಿಸ್ತೂಲನ್ನು ತನ್ನ ಕಡೆಗೆ ಒಂದಿಷ್ಟು ಹೊರಳಿಸಿದಳು. ನಳಿಗೆಯ ಬಾಯಿ ಗುರಿಗಳ ಹಿಂದಿನ ಮಣ್ಣಿನ ದಿಬ್ಬದಿಂದ ಜಾರಿ ಪಕ್ಕದ ಗೆರೆ ದಾಟಿತು. “ನಿಲ್ಲಿ!” ಎಂದು ಅನ್ಸೆಲ್ಮೊ ಕೂಗಿದ. ಅಷ್ಟೇ. ಆ ದಿನದ ಅವಳ ಎಲ್ಲ ಅಂಕವೂ ಸೊನ್ನೆ. ಅನ್ಸೆಲ್ಮೊ ಮೂವತ್ತು ವರ್ಷ ರೈಲ್ವೆಯಲ್ಲಿ ಸಿಗ್ನಲ್ ಕೊಟ್ಟವನು, ಕೆಂಪೆಂದರೆ ಕೆಂಪು.

ಹಳೆಯ ಸ್ಪ್ರಿಂಗುಗಳ ಮೇಲೆ ನಂಬಿಕೆ ಹೋಗಿ ಅವಳು ನಿನ್ನೆ ಐದೂ ಮ್ಯಾಗಜೀನಿಗೆ ಹೊಸ ಸ್ಪ್ರಿಂಗ್ ಹಾಕಿದ್ದಳು. ಒಂದೊಂದರಲ್ಲೂ ನಕಲಿ ಗುಂಡು ಎಂಟೆಂಟು ತುಂಬಿ, ಪಿಸ್ತೂಲಿಗೆ ಹಾಕಿ ತೆಗೆದು ನೋಡಿದ್ದಳು. ಐದೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ನೆಮ್ಮದಿಯಾಗಿ ಮಲಗಿದ್ದಳು.

ತಪ್ಪು ಅಲ್ಲೇ ಆಗಿತ್ತು. ಅವರ ಕ್ಲಬ್ಬಿನಲ್ಲಿ ಮೊದಲ ದಿನವೇ ತಲೆಗೆ ತುಂಬುವ ಪಾಠವೊಂದಿದೆ: ಗುರಿಯ ಮುಂದೆ ನಿಂತಿಲ್ಲದಿದ್ದರೆ ಪಿಸ್ತೂಲಿನ ಮೇಲೆ ಹಿಂದುಮುಂದು ಜಾರುವ ಉಕ್ಕಿನ ಮುಚ್ಚಳ, ಅಂದರೆ ಸ್ಲೈಡ್, ಹಿಂದಕ್ಕೆ ಎಳೆದೇ ಇರಬೇಕು, ಒಳಗೇನೂ ಇಲ್ಲವೆಂದು ದಾರಿಯಲ್ಲಿ ಹೋಗುವವನಿಗೂ ಕಾಣಬೇಕು. ಹದಿಮೂರು ವರ್ಷದ ಅಭ್ಯಾಸ. ಮನೆಯ ಮೇಜಿನ ಮುಂದೆಯೂ ಅವಳ ಕೈ ತಾನಾಗಿಯೇ ಸ್ಲೈಡ್ ಎಳೆದಿಟ್ಟಿತ್ತು. ತೆರೆದ ಸ್ಲೈಡಿನ ಕೆಳಗೆ ಯಾವ ಮ್ಯಾಗಜೀನಾದರೂ ಹತ್ತುತ್ತದೆ, ಮೇಲಿಂದ ಅದುಮುವವರೇ ಇಲ್ಲವಲ್ಲ. ಪಂದ್ಯದಲ್ಲಿ ಹಾಗಲ್ಲ. ಒಂದು ಗುಂಡು ನಳಿಗೆಯಲ್ಲಿ ಉಳಿದಿರುವಾಗಲೇ ಓಡುತ್ತ ಮ್ಯಾಗಜೀನ್ ಬದಲಿಸುತ್ತಾರೆ, ಸ್ಲೈಡ್ ಮುಚ್ಚಿರುತ್ತದೆ. ಅದರ ಹೊಟ್ಟೆ ಮೇಲಿನ ಗುಂಡನ್ನು ಕೆಳಗೆ ಒತ್ತುತ್ತದೆ. ಕೆಳಗಿಳಿಯಲು ಆ ಗುಂಡಿಗೆ ಕೂದಲೆಳೆಯಷ್ಟೂ ಜಾಗವಿಲ್ಲದಿದ್ದರೆ ಮ್ಯಾಗಜೀನ್ ಕೊಂಡಿಗೆ ಸಿಗುವುದಿಲ್ಲ. ಗಟ್ಟಿ ಕೈಯವರು ಗುದ್ದಿ ಕೂರಿಸುತ್ತಾರೆ. ಹೊಸ ಸ್ಪ್ರಿಂಗ್ ದಪ್ಪನೆಯದು, ಮುದುಡಿದರೂ ಹೆಚ್ಚು ಜಾಗ ತಿನ್ನುವಂಥದ್ದು. ಮುಚ್ಚಿದ ಸ್ಲೈಡಿನ ಕೆಳಗೆ ಅವಳು ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಊಟದ ಮೇಜಿನ ಮೇಲೆ ಎವಾರಿಸ್ತೊ ಕಾಗದದ ಕರವಸ್ತ್ರದಲ್ಲಿ ಲೆಕ್ಕ ಬರೆಯುತ್ತ ಕೂತಿದ್ದ. ಇನ್ನೊಂದು ಕೈಯಲ್ಲಿ ಮಾತೆ ಕಷಾಯದ ಬುರುಡೆ. ಅವನು ಬಿಸಿನೀರು ಹೊಯ್ದು ಕೊಡುವುದು, ಮೇಜಿನ ಸುತ್ತ ಇದ್ದವರು ಹೀರಿ ವಾಪಸು ಕೊಡುವುದು. ಹಾಗೆ ಅದು ಸುತ್ತುತ್ತಿತ್ತು.

“ಯಾನಿನಾ ಕೊನೇ ಸುತ್ತು ಮುಗಿಸಿ ಬಂದ್ಲು. ಇಪ್ಪತ್ತೆರಡೂವರೆ ಸೆಕೆಂಡು, ಒಂದೂ ತಪ್ಪಿಲ್ಲ. ಹಿಂದಿನ ನಾಲ್ಕೂ ಸೇರಿ ನೀನು ಎರಡೂವರೆ ಸೆಕೆಂಡು ಮುಂದಿದೀಯ, ಇಪ್ಪತ್ತೈದರೊಳಗೆ ಮುಗಿಸಿದ್ರೆ ನಿಂದು. ಗುರಿಯ ಒಂದು ಉಕ್ಕಿನ ತಟ್ಟೆ ಬೀಳ್ದೆ ನಿಂತ್ಕೊಂಡ್ರೂ ಅವಳದ್ದು.”

“ಎಷ್ಟ್ ಹೊತ್ತಿದೆ?”

“ನಲವತ್ತು ನಿಮಿಷ. ತಿನ್ನು ಮೊದ್ಲು.”

ಅವಳು ರೊಟ್ಟಿಯನ್ನು ಆಚೆ ಸರಿಸಿದಳು. ಮ್ಯಾಗಜೀನುಗಳಿಂದ ಗುಂಡು ಇಳಿಸಿ ಸಾಲಾಗಿ ಇಟ್ಟಳು.

“ಏಳೇ ತುಂಬ್ಸು. ಯಾಕ್ ಗೋಳು? ಏಳಾದ್ರೆ ಸಲೀಸಾಗಿ ಹೋಗತ್ತೆ,” ಎಂದ ಎವಾರಿಸ್ತೊ.

“ಕೊನೇಲಿ ಎಂಟು ತಟ್ಟೆ ಇವೆ. ಏಳು ತುಂಬಿದ್ರೆ ನಳಿಗೇಲಿರೋದು ಸೇರಿ ಎಂಟು. ಎಂಟಕ್ಕೆ ಎಂಟು ಹೊಡೀಬೇಕು. ನಾನು ಯಾವತ್ತಾದ್ರೂ ಎಂಟಕ್ಕೆ ಎಂಟು ಹೊಡೆದಿದ್ದು ನೋಡಿದ್ಯಾ?”

“ಒಂದ್ಸಲ ನೋಡಿದ್ದೆ.”

“ಯಾವಾಗ?”

“ಕನಸಲ್ಲಿ.”

ಅವಳು ಹೊಲಿಗೆ ಪೆಟ್ಟಿಗೆಯಿಂದ ತಂತಿ ಕತ್ತರಿಸುವ ಇಕ್ಕಳ, ಒಂದು ಕಲ್ಲು, ಒಂದು ಯಂತ್ರದ ಸೂಜಿ ತೆಗೆದಳು. ಸ್ಪ್ರಿಂಗಿನ ತಳದ ಅರ್ಧ ಸುತ್ತು ಕತ್ತರಿಸಿದರೆ ಅಷ್ಟು ಜಾಗ ಸಿಗುತ್ತದೆ. ಆದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಹೆಚ್ಚು ಕತ್ತರಿಸಿದರೆ ಸ್ಪ್ರಿಂಗಿಗೆ ಕೊನೆಯ ಗುಂಡನ್ನು ಮೇಲೆತ್ತುವ ತಾಕತ್ತು ಉಳಿಯುವುದಿಲ್ಲ.

ಮೊದಲನೆಯದರಲ್ಲಿ ಅರ್ಧ ಸುತ್ತು ತೆಗೆದಳು. ಮೊನೆಯನ್ನು ಕಲ್ಲಿಗೆ ಉಜ್ಜಿ ನಯ ಮಾಡಿದಳು. ಎಂಟು ಗುಂಡು ತುಂಬಿ, ಮೇಲಿನದನ್ನು ಬಲ ಹೆಬ್ಬೆರಳಿಂದ ಒತ್ತಿ ಹಿಡಿದು, ಗುಂಡಿಗೂ ತಗಡಿನ ತುಟಿಗೂ ನಡುವೆ ಸೂಜಿಯ ದಪ್ಪ ತುದಿ ತೂರಿಸಿದಳು. ತೂರಿತು. ಆ ಸೂಜಿಯ ದಪ್ಪದಷ್ಟು ಎಂಟನೆಯ ಗುಂಡು ಇಳಿದರೆ ಸಾಕು, ಸ್ಲೈಡಿನ ಕೆಳಗೆ ಅದಕ್ಕೆ ಜಾಗವಿದೆ. ಎರಡನೆಯದಕ್ಕೂ ಹಾಗೇ ಮಾಡಿದಳು. ತೂರಿತು.

ಮೂರನೆಯದರಲ್ಲಿ ಸೂಜಿ ತೂರಲಿಲ್ಲ. ತಗಡೇ ಎಲ್ಲೋ ಒಂದಿಷ್ಟು ಅದುಮಿಕೊಂಡಿತ್ತೇನೋ. ಇನ್ನರ್ಧ ಸುತ್ತು ಕತ್ತರಿಸಿದಳು. ಈಗ ತೂರಿತು. ಗುಂಡೆಲ್ಲ ತೆಗೆದು ಒಂದನ್ನೇ ಹಾಕಿ ಎಡಗೈ ಬೆರಳಿಂದ ಒತ್ತಿ ಬಿಟ್ಟಳು. ಅದು ಮೇಲೆ ಬಂತು. ಆದರೆ ನಿದ್ದೆಯಿಂದ ಎದ್ದು ಬಂದವರ ಹಾಗೆ ಬಂತು. ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದಳು. ಸುಸ್ತೋ, ಸಾಕೋ, ಬೆರಳಿಗೆ ಹೇಳಲಾಗಲಿಲ್ಲ. ಹೆಬ್ಬೆರಳ ನೋವು ಪಕ್ಕದ ಬೆರಳುಗಳ ಮಾತನ್ನೂ ಮುಚ್ಚಿಹಾಕುತ್ತಿತ್ತು.

“ಎಂಟು ನಿಮಿಷ,” ಎಂದ ಎವಾರಿಸ್ತೊ. ಈಗ ಅವನು ತಮಾಷೆ ಮಾಡುತ್ತಿರಲಿಲ್ಲ.

ಉಳಿದೆರಡಕ್ಕೆ ಸಮಯವಿರಲಿಲ್ಲ. ಅವು ಹಾಗೇ ಗಟ್ಟಿಯಾಗಿ ಉಳಿದವು. ಒಮ್ಮೆ, ಒಂದೇ ಒಂದು ಸಲ ಪಿಸ್ತೂಲಿಗೆ ಹಾಕಿ ನೋಡಬೇಕು. ಅವಳು ಮೂರನೆಯ ಮ್ಯಾಗಜೀನ್ ತುಂಬಿಸಿ ಕೈಯಲ್ಲಿ ಹಿಡಿದು ಎದ್ದಳು. ಮೈದಾನದ ಅಂಚಿನ ಸುರಕ್ಷತಾ ಮೇಜಿನ ಕಡೆಗೆ ಬೇಗ ಬೇಗ ನಡೆದಳು. ಪಿಸ್ತೂಲನ್ನು ಒರೆಯಿಂದ ತೆಗೆಯಲು ಬಿಡುವ ಜಾಗ ಅದೊಂದೇ. ಮನಸ್ಸು ಆಗಲೇ ಮ್ಯಾಗಜೀನಿನ ಒಳಗಿತ್ತು. ಗುಂಡು ಇಳಿಯುತ್ತದೆಯೇ, ಕೊಂಡಿ ಹಿಡಿಯುತ್ತದೆಯೇ, ಅಷ್ಟೇ. ಮೇಜಿಗೆ ನಾಲ್ಕು ಹೆಜ್ಜೆ ಉಳಿದಿತ್ತು.

“ರೂಸಾ! ಕೈಲೇನಿದೆ ನೋಡ್ಕೋ!”

ಯಾನಿನಾ. ನೀರಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದವಳು ಹಾಗೇ ಹನಿ ಸುರಿಸುತ್ತ ನಿಂತಿದ್ದಳು.

ದೆಲ್ಮಿರಾ ಕೈ ನೋಡಿಕೊಂಡಳು. ತುಂಬಿದ ಮ್ಯಾಗಜೀನ್. ಆ ಮೇಜಿನ ಬಳಿ ಒಂದು ಗುಂಡು ಮುಟ್ಟಿದರೂ, ನಕಲಿಯಾದರೂ ಸರಿ, ಅಲ್ಲಿಂದಲೇ ಮನೆಗೆ. ಪಿಸ್ತೂಲು ಇರುವಲ್ಲಿ ಗುಂಡಿಲ್ಲ, ಗುಂಡು ಇರುವಲ್ಲಿ ಪಿಸ್ತೂಲಿಲ್ಲ; ಎರಡೂ ಕೂಡುವುದು ಗುರಿಯ ಮುಂದೆ, ಅಧಿಕಾರಿ ಹೇಳಿದ ಮೇಲೆ. ಅನ್ಸೆಲ್ಮೊ ಮೇಜಿನ ಆ ಬದಿಯಲ್ಲಿ ಕೈ ಕಟ್ಟಿ ನಿಂತು ಅವಳನ್ನೇ ನೋಡುತ್ತಿದ್ದ. ಅವನು ಎಚ್ಚರಿಸುವವನೂ ಅಲ್ಲ, ನೋಡದಂತೆ ಇರುವವನೂ ಅಲ್ಲ. ಅವಳು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದಳು.

“ಗಾರ್ಸಿಯಾಸ್,” ಎಂದಳು ಯಾನಿನಾಗೆ. ಥ್ಯಾಂಕ್ಸ್ ಎನ್ನಲು ಅದಕ್ಕಿಂತ ದೊಡ್ಡ ಮಾತು ಬಾಯಿಗೆ ಬರಲಿಲ್ಲ. ‘ಗ್ರಾಸಿಯಾಸ್’ ಎನ್ನಬೇಕಾದ ಆ ಮಾತೂ ನೆಟ್ಟಗೆ ಬರಲಿಲ್ಲ.

“ಹೀಗೆ ಗೆಲ್ಲೋಕೆ ನಂಗೇನೂ ರೋಗ ಬಂದಿಲ್ಲ,” ಎಂದು ಯಾನಿನಾ ಮುಖ ಒರೆಸಿಕೊಂಡು ಹೋದಳು.

ಕೊನೆಯ ಸುತ್ತಿನ ಗೆರೆಯ ಮೇಲೆ ಅವಳು ನಿಂತಾಗ ನದಿಯ ಕಡೆಯ ಗಾಳಿ ನಿಂತಿತ್ತು. ಮೊದಲ ಎರಡು ಜಾಗದಲ್ಲಿ ಕಾಗದದ ಗುರಿಗಳು, ಎಂಟೆಂಟು ಗುಂಡು. ಮೂರನೆಯ ಜಾಗದಲ್ಲಿ ಎಂಟು ಉಕ್ಕಿನ ತಟ್ಟೆ, ಒಂದೊಂದೂ ಊಟದ ತಟ್ಟೆಗಿಂತ ಚಿಕ್ಕದು.

“ತುಂಬಿಸಿ ಸಿದ್ಧರಾಗಿ,” ಎಂದ ಅನ್ಸೆಲ್ಮೊ.

ಇನ್ನು ಪಿಸ್ತೂಲೂ ಗುಂಡೂ ಒಟ್ಟಿಗೆ ಅವಳ ಕೈಯಲ್ಲಿ, ನಿಯಮದ ಪ್ರಕಾರವೇ. ಗಟ್ಟಿ ಮ್ಯಾಗಜೀನ್ ಒಂದನ್ನು ತೆರೆದ ಸ್ಲೈಡಿಗೆ ಹಾಕಿ, ಸ್ಲೈಡ್ ಬಿಟ್ಟು, ಒಂದು ಗುಂಡು ನಳಿಗೆಗೆ ಏರಿಸಿದಳು. ಆ ಮ್ಯಾಗಜೀನ್ ತೆಗೆದು ಜೇಬಿಗಿಟ್ಟಳು. ಮುಚ್ಚಿದ ಸ್ಲೈಡಿನ ಕೆಳಗೆ ಮೂರನೆಯದನ್ನು ತಳ್ಳಿದಳು, ಬರೀ ಎರಡು ಬೆರಳಿಂದ.

ಕಟ್.

ತೆಗೆದು ಎರಡನೆಯದು. ಕಟ್. ತೆಗೆದು ಮೊದಲನೆಯದು. ಕಟ್.

“ಇದೇನೇ, ಅಂಗಡೀಲಿ ಚಪ್ಪಲಿ ಹಾಕ್ಕೊಂಡು ನೋಡ್ದಂಗೆ!” ಎಂದಿತು ಹಿಂದೆ ಯಾರದೋ ದನಿ. ಕೆಲವರು ನಕ್ಕರು. ಅನ್ಸೆಲ್ಮೊ ನಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮೊದಲನೆಯದನ್ನು ಪಿಸ್ತೂಲಿನಲ್ಲೇ ಬಿಟ್ಟು, ಎರಡನೆಯದು, ಮೂರನೆಯದು, ಹಿಂದೆ ಒಂದು ಗಟ್ಟಿಯದು, ಹೀಗೆ ಸೊಂಟಪಟ್ಟಿಯಲ್ಲಿ ಸೇರಿಸಿದಳು. ಒಳಹೋಗುವುದು ಖಾತ್ರಿಯಾಯಿತು. ಕೊನೆಯ ಗುಂಡು ಮೇಲೇಳುವುದೇ ಎಂಬುದನ್ನು ಮಾತ್ರ ಹೀಗೆ ನೋಡಲಾಗದು.

ಶುರು ಮಾಡಲು ಅನ್ಸೆಲ್ಮೊನ ಕೈಯ ಗಡಿಯಾರ ಕಿರುಚಿತು.

ಎಂಟು ಗುಂಡು. ಓಡಿದಳು. ಖಾಲಿಯಾದ ಮ್ಯಾಗಜೀನ್ ಬೀಳಿಸಿ ಎರಡನೆಯದನ್ನು ತಳ್ಳಿದಳು. ಕಟ್ ಎಂಬುದು ಅಂಗೈಗೆ ತಿಳಿಯಿತು, ನೋವು ತಿಳಿಯಲಿಲ್ಲ. ಮತ್ತೆ ಎಂಟು. ಮತ್ತೆ ಓಟ. ಮೂರನೆಯದು ಹೋಯಿತು, ಕಟ್. ಈಗ ಒಂಬತ್ತು ಗುಂಡು, ಎಂಟು ತಟ್ಟೆ.

ಒಂದು ಬಿತ್ತು. ಎರಡು, ಮೂರು, ನಾಲ್ಕು ಬಿದ್ದವು. ಐದನೆಯದಕ್ಕೆ ಹೊಡೆದ ಗುಂಡು ಹಿಂದಿನ ಮಣ್ಣಿಗೆ ಹೋಯಿತು. ಅದಕ್ಕೆಂದೇ ಇದ್ದ ಹೆಚ್ಚಿನ ಗುಂಡು ಮುಗಿಯಿತು. ಮತ್ತೆ ಹೊಡೆದಳು, ಬಿತ್ತು. ಆರು. ಏಳು. ಕೊನೆಯ ತಟ್ಟೆಗೆ ಗುರಿಯಿಟ್ಟು ಕುದುರೆ ಎಳೆದಳು.

ಟಿಕ್.

ಗುಂಡು ಮೇಲೆ ಬಂದಿರಲಿಲ್ಲ. ಸ್ಲೈಡ್ ಖಾಲಿ ನಳಿಗೆಯ ಮೇಲೆ ಮುಚ್ಚಿಕೊಂಡಿತ್ತು. ಪಿಸ್ತೂಲನ್ನು ಹತ್ತಿರ ತಂದು ಒಳಗೆ ನೋಡು ಎಂದು ಕಣ್ಣು ಎಳೆಯಿತು. ಮಣಿಕಟ್ಟು ಹೊರಳಲು ಶುರುವಾದದ್ದು ಅವಳಿಗೇ ತಿಳಿಯಿತು. ಅನ್ಸೆಲ್ಮೊನ ಉಸಿರು ಭುಜದ ಬಳಿ ಇತ್ತು. ಅವಳು ಕಣ್ಣನ್ನು ತಟ್ಟೆಯ ಮೇಲೇ ನೆಟ್ಟಳು. ನಳಿಗೆ ದಿಬ್ಬದ ಕಡೆಗೇ ಉಳಿಯಿತು. ಮೂರನೆಯ ಮ್ಯಾಗಜೀನನ್ನು ಕೆಳಗೆ ಬೀಳಿಸಿದಳು.

ಪಟ್ಟಿಯಲ್ಲಿ ಉಳಿದದ್ದು ಗಟ್ಟಿಯದೊಂದೇ. ಎಡಗೈ ಅದರ ಮೇಲೆ ಹೋಗಿ ಅಲ್ಲೇ ನಿಂತಿತು. ಈಗ ಇದನ್ನು ತಳ್ಳಿದರೆ ಹತ್ತುವುದಿಲ್ಲ. ಗುದ್ದಬೇಕು, ಗುದ್ದಿದರೂ ಮೂರು ಸಲ. ಅದನ್ನು ಪಟ್ಟಿಯಲ್ಲೇ ಬಿಟ್ಟು ಕೈಯನ್ನು ಮೇಲೆ ತಂದಳು, ನಾಲ್ಕು ಬೆರಳಿಂದ ಸ್ಲೈಡ್ ಹಿಡಿದು ಎಳೆದು, ಬಲ ಹೆಬ್ಬೆರಳಿಂದ ಕೊಕ್ಕೆ ಏರಿಸಿ ತೆರೆದಿಟ್ಟಳು. ನೋಡುವವರಿಗೆ ಅವಳು ಬೇಡದ ಕೆಲಸ ಮಾಡುತ್ತ ಕಾಲ ಕಳೆಯುತ್ತಿದ್ದಂತೆ ಕಂಡಿತು. “ಅಯ್ಯೋ,” ಎಂದ ಎವಾರಿಸ್ತೊ. ಆಮೇಲೆ ಗಟ್ಟಿ ಮ್ಯಾಗಜೀನ್ ಹತ್ತಿತು, ನಿನ್ನೆ ಮೇಜಿನ ಮುಂದೆ ಹತ್ತಿದಷ್ಟೇ ಸಲೀಸಾಗಿ. ಸ್ಲೈಡ್ ಬಿಟ್ಟಳು. ಉಸಿರು ಅರ್ಧ ಬಿಟ್ಟು ಹೊಡೆದಳು.

ತಟ್ಟೆ ಬಿತ್ತು.

“ಮುಗಿದಿದ್ದರೆ ಖಾಲಿ ಮಾಡಿ ತೋರಿಸಿ,” ಎಂದ ಅನ್ಸೆಲ್ಮೊ. ಅವಳು ತೋರಿಸಿದಳು. ಅವನು ಒಳಗೆ ಇಣುಕಿ, ತಲೆಯಾಡಿಸಿ, ಪಿಸ್ತೂಲು ಒರೆಗೆ ಹೋಗುವವರೆಗೆ ಕಾದು, ಆಮೇಲೆ ಗಡಿಯಾರ ಓದಿದ.

“ಇಪ್ಪತ್ನಾಲ್ಕು ಪಾಯಿಂಟ್ ಎಂಟು ಮೂರು.”

ಕಾಗದದ ಗುರಿಗಳ ತೂತು ಎಣಿಸಿ ಬಂದರು. ಎಲ್ಲವೂ ಇದ್ದವು. ಎವಾರಿಸ್ತೊ ಕರವಸ್ತ್ರವನ್ನು ಎರಡು ಸಲ ನೋಡಿ, ಅದನ್ನು ಮಡಚಿ, “ಮೇ ತಿಂಗಳಲ್ಲಿ ಚಳಿ ಇರತ್ತೆ ರೂಸಾ, ಸ್ವೆಟರ್ ತಗೊಂಡ್ ಹೋಗು,” ಎಂದ.

ಅನ್ಸೆಲ್ಮೊ ಹಾಳೆ ಚಾಚಿದ. ಅವಳು ಸಹಿ ಮಾಡಿದಳು. ಆಮೇಲೆ ಧೂಳಿನಿಂದ ಮೂರನೆಯ ಮ್ಯಾಗಜೀನ್ ಹೆಕ್ಕಿ ಬಾಯಿ ತಿರುಗಿಸಿ ನೋಡಿದಳು. ಒಳಗೆ ಕೊನೆಯ ಗುಂಡು ಮೂತಿ ತಗ್ಗಿಸಿ ಓರೆಯಾಗಿ ಬಿದ್ದಿತ್ತು.

ಯಾನಿನಾ ಬಂದು ಪಕ್ಕದಲ್ಲಿ ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

“ನಾನು ಬಾಯ್ಮುಚ್ಕೊಂಡು ಇದ್ದಿದ್ರೆ ನಾನು ಹೋಗ್ತಿದ್ದೆ.”

“ಹೌದು.”

“ಬರೀ ಹೌದಾ?”

“ಹೌದು ಕಣೇ. ಸುಳ್ಳ್ ಹೇಳ್ಲಾ?”

“ಬೇಡ.” ಯಾನಿನಾ ತನ್ನ ಚೀಲದ ಜಿಪ್ ಎಳೆದಳು. “ಒಳ್ಳೇದಾಗ್ಲಿ ಅಂತ ಹೇಳ್ಬೇಕು. ಈಗ ಬರ್ತಾ ಇಲ್ಲ. ಮುಂದಿನ ವಾರ ಹೇಳ್ತೀನಿ.”

“ಆಗ್ಲೇ ಹೇಳು. ಅಂಗಡಿ ಶನಿವಾರ ಮಧ್ಯಾಹ್ನದವರೆಗೂ ತೆಗ್ದಿರುತ್ತೆ.”

ಯಾನಿನಾ ತಲೆಯಾಡಿಸಿ ತನ್ನ ಚೀಲ ಹೆಗಲಿಗೇರಿಸಿ ಹೋದಳು. ದೆಲ್ಮಿರಾ ಎಡಗೈಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ತಣ್ಣಗಿತ್ತು. ಊದಿದ ಕೀಲಿನ ಮೇಲೆ ಅದು ಬೀಳುತ್ತಿರಲು, ಮೇ ತಿಂಗಳಿಗೆ ಎಷ್ಟು ವಾರವೆಂದು ಅವಳು ಬಲಗೈ ಬೆರಳಲ್ಲಿ ಎಣಿಸತೊಡಗಿದಳು.